ಮೂರಕ್ಷರಕ್ಕೆ ಅರವತ್ತು ಸಾವಿರ ಮಾತು

ಇಂಗ್ಲಿಷಿನ 26 ಅಕ್ಷರಗಳನ್ನು ಮೂರು ಮೂರರಂತೆ ಜೋಡಿಸುತ್ತ ಹೋದರೆ 17,576 ಜೋಡಣೆಗಳು ಸಿಗುತ್ತವೆ. ಬಹುಪಾಲು ನಾಲಿಗೆಗೆ ದಕ್ಕುವಂಥವಲ್ಲ. ವ್ಯಂಜನಕ್ಕೆ ವ್ಯಂಜನ ತಿಕ್ಕಿ ಉಸಿರುಗಟ್ಟಿಸುವಂಥವು. ಅವನ್ನೆಲ್ಲ ಆಚೆಗಿಟ್ಟರೂ ಸಲೀಸಾಗಿ ಆಡಬಹುದಾದ, ಯಾವ ಅರ್ಥವೂ ಬಂದು ನೆಲೆಸದ ನೂರಾರು ಜೋಡಣೆಗಳು ಖಾಲಿ ಸೈಟಿನ ಹಾಗೆ ಬಿದ್ದುಕೊಂಡಿವೆ. ಹೊಸ ಅರ್ಥ ಹುಟ್ಟಿದಾಗಲೆಲ್ಲ ಒಂದೊಂದು ಸೈಟು ಮಂಜೂರು ಮಾಡಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಇಂಗ್ಲಿಷ್ ಆಡುವವರು ಸಾವಿರ ವರ್ಷದಿಂದ ಮಾಡುತ್ತ ಬಂದಿರುವುದು ಇದಕ್ಕೆ ತದ್ವಿರುದ್ಧ. ಹೊಸದಾಗಿ ಬಂದವರೆಲ್ಲ ಆಗಲೇ ಕಿಕ್ಕಿರಿದಿರುವ ಕೆಲವೇ ವಠಾರಗಳಿಗೆ ನುಗ್ಗುತ್ತಾರೆ. ಅಂಥ ಒಂದು ವಠಾರದ ಹೆಸರು ‘ಸೆಟ್’.

1989ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿ 20 ಸಂಪುಟಗಳಲ್ಲಿ ಹೊರಬಂತು. 21,728 ಪುಟಗಳ ಆ ಗ್ರಂಥದಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ತಿಂದ ಪದ ಇದೇ. ಕ್ರಿಯಾಪದವಾಗಿ ಅದಕ್ಕೆ 430 ಅರ್ಥ. ಆ ಅರ್ಥಗಳ ವಿವರಣೆ, ಉದಾಹರಣೆಗಳೆಲ್ಲ ಸೇರಿ ಸುಮಾರು 60,000 ಪದ. ಪುಟಕ್ಕೆ 250 ಪದ ಎಂದು ಹಿಡಿದರೆ 240 ಪುಟದ ಕಾದಂಬರಿಯಷ್ಟಾಯಿತು. ಮೂರಕ್ಷರದ ಒಂದು ಪದ ಏನು ಎಂದು ಹೇಳಲಿಕ್ಕೆ ಒಂದು ಇಡೀ ಕಾದಂಬರಿಯಷ್ಟು ಮಾತು!

ಸುಮ್ಮನೆ ಒಮ್ಮೆ ಒಳಗೆ ಇಣುಕಿ ನೋಡೋಣ. ಸೂರ್ಯ ಮುಳುಗಿದರೆ ಸೆಟ್. ಗಡಿಯಾರಕ್ಕೆ ಅಲಾರಂ ಇಟ್ಟರೆ ಸೆಟ್. ಮುರಿದ ಮೂಳೆಯನ್ನು ಕೂಡಿಸಿದರೆ, ಉಂಗುರಕ್ಕೆ ಹರಳು ಕಟ್ಟಿದರೆ, ಮೇಜಿನ ಮೇಲೆ ತಟ್ಟೆ ಲೋಟ ಜೋಡಿಸಿದರೆ, ಪ್ರಾಣಿಗೆ ಬಲೆ ಒಡ್ಡಿದರೆ, ಹಡಗಿನ ಹಾಯಿ ಬಿಚ್ಚಿದರೆ, ಪ್ರಶ್ನೆಪತ್ರಿಕೆ ತಯಾರಿಸಿದರೆ, ಕವಿತೆಗೆ ರಾಗ ಹಾಕಿದರೆ, ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸಿದರೆ, ಕೋಳಿಯನ್ನು ಕಾವಿಗೆ ಕೂರಿಸಿದರೆ ಎಲ್ಲವೂ ಸೆಟ್ಟೇ. ಗಿಡದಲ್ಲಿ ಕಾಯಿ ಕಚ್ಚಿದರೂ ಅದು, ಮನೆಗೆ ಬೆಂಕಿ ಇಟ್ಟರೂ ಅದು. ಕಾಂಕ್ರೀಟು ಅಲುಗಾಡದ ಹಾಗೆ ಗಟ್ಟಿಯಾಗುವುದನ್ನು ಹೇಳುವ ಪದವೇ, ಹಿಂದೆ ‘ಔಟ್’ ಅನ್ನುವ ಒಂದು ತುಂಡನ್ನು ಅಂಟಿಸಿಕೊಂಡ ತಕ್ಷಣ, ಗಂಟುಮೂಟೆ ಕಟ್ಟಿ ಪ್ರಯಾಣ ಹೊರಡುತ್ತದೆ. ‘ಇನ್’ ಅಂಟಿಸಿಕೊಂಡರೆ ಮಳೆ ಹಿಡಿಯುತ್ತದೆ. ‘ಆಫ್’ ಅಂಟಿಸಿಕೊಂಡರೆ ಪಟಾಕಿ ಸಿಡಿಯುತ್ತದೆ.

ಈ ತುಂಡುಗಳಲ್ಲಿ ಎಲ್ಲಕ್ಕಿಂತ ಪೀಡೆ ಕೊಟ್ಟದ್ದು ‘ಅಪ್’. ಆಕ್ಸ್‌ಫರ್ಡ್ ನಿಘಂಟಿನ ಮೊದಲ ಆವೃತ್ತಿಯಲ್ಲೂ ಸೆಟ್‌ನದೇ ಮೊದಲ ಸ್ಥಾನ: 18 ಪುಟದ ಮೇಲೆ ಇನ್ನೊಂದು ಕಾಲಂ, 154 ಮುಖ್ಯ ವಿಭಾಗ. ಆ 154ರಲ್ಲಿ ಕೊನೆಯದು ‘ಸೆಟ್ ಅಪ್’. ಅದರ ಒಳ ಅರ್ಥಗಳಿಗೆ ಎ, ಬಿ, ಸಿ ಎಂದು ಗುರುತು ಹಾಕುತ್ತ ಹೋದ ಸಂಪಾದಕರಿಗೆ ಝಡ್ ಬಂದರೂ ಅರ್ಥ ಮುಗಿಯಲಿಲ್ಲ. ಮತ್ತೆ ಎಎ, ಬಿಬಿ ಎಂದು ಎರಡನೆಯ ಸುತ್ತು ಶುರು ಮಾಡಿ ಆರ್‌ಆರ್ ತನಕ ಹೋಗಬೇಕಾಯಿತು. ಒಂದು ಪದದ ಒಂದು ವಿಭಾಗಕ್ಕೆ ಭಾಷೆಯ ಇಡೀ ವರ್ಣಮಾಲೆ ಸಾಲಲಿಲ್ಲ.

ಇಷ್ಟೆಲ್ಲ ಸಂಸಾರ ಹೂಡಿದ ಈ ಪದದ ಮೂಲ ಬಲು ಸರಳ. ಹಳೆಯ ಇಂಗ್ಲಿಷಿನಲ್ಲಿ ‘ಸಿಟ್’ ಅಂದರೆ ಕೂರು. ಅದರ ಪ್ರೇರಣಾರ್ಥಕ ರೂಪ ‘ಸೆಟ್’, ಅಂದರೆ ಕೂರಿಸು. ನಮ್ಮ ವ್ಯಾಕರಣದ ಕೂರು–ಕೂರಿಸು, ಇಳಿ–ಇಳಿಸು ಇದ್ದಂತೆಯೇ. ಕನ್ನಡದ ‘ಕೂರಿಸು’ ಕೂಡ ಸುಮ್ಮನೆ ಕೂತಿಲ್ಲ ನೋಡಿ. ಗಣಪತಿಯನ್ನು ಕೂರಿಸುತ್ತೇವೆ, ದಸರೆಗೆ ಗೊಂಬೆ ಕೂರಿಸುತ್ತೇವೆ, ಬಾಗಿಲಿಗೆ ಚಿಲಕ ಕೂರಿಸುತ್ತೇವೆ, ಉಂಗುರಕ್ಕೆ ಹರಳು ಕೂರಿಸುತ್ತೇವೆ. ಧೂಳು ಕೂರುತ್ತದೆ, ಅಂಗಿ ಮೈಗೆ ಕೂರುತ್ತದೆ, ಮೇಷ್ಟ್ರು ಹೇಳಿದ್ದು ತಲೆಯಲ್ಲಿ ಕೂರುತ್ತದೆ, ಇಲ್ಲವೇ ಕೂರುವುದಿಲ್ಲ. ಕನ್ನಡಿಗನಿಗೆ ಸೆಟ್‌ನ ಅರ್ಧ ಸಂಸಾರ ಅಪರಿಚಿತವಲ್ಲ.

ಇನ್ನರ್ಧ ಬೇರೆ ಮನೆತನದ್ದು. ಟೀ ಸೆಟ್, ಪಾತ್ರೆ ಸೆಟ್ ಎನ್ನುವಾಗಿನ ‘ಗುಂಪು’ ಎಂಬ ಅರ್ಥ ಕೂರಿಸುವುದರಿಂದ ಬಂದದ್ದಲ್ಲ. ಅದು ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ಸೆಕ್ಟ’ದಿಂದ, ಅಂದರೆ ಒಬ್ಬ ಗುರುವಿನ ಹಿಂದೆ ಹೋಗುವ ಪಂಥದಿಂದ, ಹರಿದು ಬಂದದ್ದು. ಎರಡು ಬೇರೆ ಬೇರೆ ಪದಗಳು ಉಚ್ಚಾರಣೆಯಲ್ಲಿ ಒಂದೇ ಆಗಿ, ಆಮೇಲೆ ಅರ್ಥದಲ್ಲೂ ಒಂದರ ಮೇಲೊಂದು ಬಿದ್ದು ಬೆರೆತುಹೋದವು. ನೆಂಟರು ಬಂದಾಗ ಶೋಕೇಸಿನಿಂದ ಹೊರತೆಗೆಯುವ ಆರು ಕಪ್ಪು, ಆರು ಬಸಿಗೆ ಮತ್ತು ಧಾರ್ಮಿಕ ಪಂಥಕ್ಕೆ ಇಂಗ್ಲಿಷಿನಲ್ಲಿರುವ ಪದ ಇವೆರಡೂ ಒಂದೇ ಅಜ್ಜನ ಮೊಮ್ಮಕ್ಕಳು.

ಇದನ್ನೆಲ್ಲ ಎಣಿಸಿದವರು ಯಾರು, ಹೇಗೆ? ನನಗೆ ಪದದ ಗಾತ್ರಕ್ಕಿಂತ ಎಣಿಕೆಯ ಗಾತ್ರವೇ ಹೆಚ್ಚು ದಂಗುಬಡಿಸುತ್ತದೆ. ಲಂಡನ್ನಿನ ಫಿಲಲಾಜಿಕಲ್ ಸೊಸೈಟಿಯಲ್ಲಿ ಇಂಥದೊಂದು ನಿಘಂಟು ಬೇಕು ಎಂಬ ಮಾತು ಎದ್ದದ್ದು 1857ರಲ್ಲಿ, ನಮ್ಮಲ್ಲಿ ಸಿಪಾಯಿಗಳು ಬಂಡೆದ್ದ ವರ್ಷ. ಪ್ರತಿಯೊಂದು ಪದವೂ ಮೊದಲು ಯಾವಾಗ ಬರಹಕ್ಕೆ ಬಂತು, ಆಮೇಲೆ ಯಾವ್ಯಾವ ಅರ್ಥ ಪಡೆಯಿತು ಎಂಬುದನ್ನು ಪುಸ್ತಕಗಳಿಂದ ಎತ್ತಿದ ವಾಕ್ಯಗಳ ಸಾಕ್ಷಿಯೊಡನೆ ಹೇಳಬೇಕೆಂಬ ಹಟ. ಅದಕ್ಕಾಗಿ ಊರೂರಿನ ಓದುಗರು ಬಿಟ್ಟಿಯಾಗಿ ಓದಿ, ಒಂದೊಂದು ವಾಕ್ಯವನ್ನು ಒಂದೊಂದು ಚೀಟಿಯಲ್ಲಿ ಬರೆದು ಕಳಿಸಬೇಕು. 1879ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಜೇಮ್ಸ್ ಮರ್ರೆ ಎಂಬ ಶಾಲಾ ಮಾಸ್ತರರನ್ನು ಸಂಪಾದಕರನ್ನಾಗಿ ಒಪ್ಪಿಕೊಂಡಾಗ ಅವರ ಮನೆಗೆ ಬಂದಿಳಿದ ಹಳೆಯ ಚೀಟಿಗಳ ತೂಕ ಸುಮಾರು ಎರಡು ಟನ್. ಕೆಲವು ಕಂತೆಗಳು ದಾರಿಯಲ್ಲೇ ಎಲ್ಲೆಲ್ಲೋ ಸಿಕ್ಕಿಹಾಕಿಕೊಂಡಿದ್ದವು. ‘ಪಿಎ’ಯಿಂದ ಶುರುವಾಗುವ ಪದಗಳ ಕಂತೆ ಐರ್ಲೆಂಡಿನ ಕುದುರೆ ಲಾಯವೊಂದರಲ್ಲಿ ಪತ್ತೆಯಾಯಿತು, ಅಷ್ಟರಲ್ಲಿ ಅದರ ಬಹುಪಾಲು ಒಲೆ ಹೊತ್ತಿಸಲು ಖರ್ಚಾಗಿತ್ತು.

ಮರ್ರೆ ತಗಡಿನ ಶೆಡ್ಡೊಂದನ್ನು ಹಾಕಿಸಿ, ಅದರೊಳಗೆ 1,029 ಖಾನೆಗಳ ಗೂಡು ಕಟ್ಟಿಸಿ, ಚೀಟಿ ವಿಂಗಡಿಸಲು ಕೂತರು. ಅವರಿಗೆ ಹನ್ನೊಂದು ಜನ ಮಕ್ಕಳು. ಅಕ್ಷರ ಬಂದ ಕೂಡಲೇ ಅವರನ್ನೂ ಪುಡಿಗಾಸಿನ ಕೂಲಿಗೆ ಚೀಟಿ ಜೋಡಿಸಲು ಕೂರಿಸಿದರು. ಹತ್ತು ವರ್ಷದಲ್ಲಿ ಪೂರ್ತಿ ನಿಘಂಟು ಮುಗಿಯುತ್ತದೆ ಎಂಬುದು ಒಪ್ಪಂದ. ಐದನೆಯ ವರ್ಷ, 1884ರಲ್ಲಿ, ಮೊದಲ ಕಂತು ಹೊರಬಂತು. ಅದರ ಕೊನೆಯ ಪದ ‘ಆಂಟ್’. ಅರ್ಧ ಅವಧಿ ಮುಗಿದಾಗ ಅವರು ಇರುವೆಯ ತನಕ ಬಂದಿದ್ದರು!

ಕೆಲಸ ಮುಗಿದದ್ದು 1928ರ ಏಪ್ರಿಲ್ 19ರಂದು. ಮರ್ರೆ 1915ರಲ್ಲಿ ‘ಟಿ’ ಅಕ್ಷರದ ಕೆಲಸದ ನಡುವೆಯೇ ತೀರಿಕೊಂಡಿದ್ದರು. ಒಟ್ಟು 4,14,825 ಪದ, 18,27,306 ಉದಾಹರಣೆ ವಾಕ್ಯ. ಅಚ್ಚಾದದ್ದು ಆರಿಸಿ ಉಳಿಸಿಕೊಂಡ ವಾಕ್ಯಗಳು ಮಾತ್ರ. ಸಂಗ್ರಹವಾದ ಚೀಟಿಗಳು 50 ಲಕ್ಷಕ್ಕೂ ಮೇಲೆ. ಚೀಟಿಯ ಅಳತೆ ಆರಿಂಚಿಗೆ ನಾಲ್ಕಿಂಚು. ಆರಿಂಚಿನ ಲೆಕ್ಕದಲ್ಲಿ ತುದಿಗೆ ತುದಿ ಇಡುತ್ತ ಹೋದರೆ 762 ಕಿಲೋಮೀಟರ್ ಆಗುತ್ತದೆ. ಬೆಂಗಳೂರಿನಿಂದ ಮಂಗಳೂರಿಗೆ ಹೋಗಿ ವಾಪಸು ಬರಬಹುದು. ಇಷ್ಟು ಕಾಗದದ ನಡುವೆ ಕಳೆದುಹೋದ ಪದ ಒಂದಿದೆ. ‘ಬಾಂಡ್‌ಮೇಡ್’, ಜೀತದವಳು ಎಂಬ ಪದದ ಚೀಟಿಗಳು ಎಲ್ಲೋ ಸರಿದುಹೋಗಿ ಮೊದಲ ಆವೃತ್ತಿಯಲ್ಲಿ ಆಕೆಗೆ ಜಾಗವೇ ಸಿಗಲಿಲ್ಲ. ಐವತ್ತು ಲಕ್ಷದಲ್ಲಿ ತಪ್ಪಿಸಿಕೊಂಡವಳು ಜೀತದವಳೇ ಆಗಬೇಕಿತ್ತೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಮಂಗಳೂರಿನ ಹೆಸರು ಬಂತಲ್ಲ, ಅಲ್ಲಿ ಇದೇ ಕಾಲದಲ್ಲಿ ಇನ್ನೊಂದು ನಿಘಂಟು ಸಿದ್ಧವಾಗುತ್ತಿತ್ತು. ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟನ್ನು ಸುಮಾರು 70,000 ಪದಗಳೊಂದಿಗೆ ಬಾಸೆಲ್ ಮಿಷನ್ನಿನವರು 1894ರಲ್ಲಿ ಅಚ್ಚು ಹಾಕಿ ಮುಗಿಸಿದಾಗ ಆಕ್ಸ್‌ಫರ್ಡಿನವರು ಇನ್ನೂ ‘ಎಫ್’ ದಾಟಿರಲಿಲ್ಲ. ಇನ್ನೊಂದು ಕಾಕತಾಳೀಯವನ್ನೂ ಹೇಳಿಬಿಡುತ್ತೇನೆ: ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ದಶಕಗಟ್ಟಲೆ ದುಡಿದ ಜಿ. ವೆಂಕಟಸುಬ್ಬಯ್ಯನವರು 107ನೆಯ ವಯಸ್ಸಿನಲ್ಲಿ ತೀರಿಕೊಂಡದ್ದು 2021ರ ಏಪ್ರಿಲ್ 19ರಂದು. ತಾರೀಖು ಅದೇ.

ಸೆಟ್ ಇರುವ ಭಾಗದ ಸಂಪಾದನೆ ಮರ್ರೆಯವರದ್ದಲ್ಲ, ಹೆನ್ರಿ ಬ್ರಾಡ್ಲಿಯವರದ್ದು. ಈತ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿ ಕಲಿತವರಲ್ಲ. ಶೆಫೀಲ್ಡಿನಲ್ಲಿ ಚಾಕು–ಚಮಚೆ ತಯಾರಿಸುವ ಕಂಪನಿಯೊಂದರಲ್ಲಿ ಸುಮಾರು ಇಪ್ಪತ್ತು ವರ್ಷ ಗುಮಾಸ್ತರಾಗಿದ್ದು, ಭಾಷೆಗಳನ್ನೆಲ್ಲ ತಾವೇ ಓದಿ ದಕ್ಕಿಸಿಕೊಂಡವರು. ಇಂಗ್ಲಿಷಿನ ಅತಿ ದೊಡ್ಡ ಪದವನ್ನು ಬಿಡಿಸಿ ಹರಡಿದ್ದು ಒಬ್ಬ ಗುಮಾಸ್ತರ ಕೈ.

ಸೆಟ್‌ನ ಪಾರುಪತ್ಯ ಎರಡು ಸಾವಿರದ ಇಸವಿಯ ತನಕ ಅಬಾಧಿತವಾಗಿ ನಡೆಯಿತು. ಆ ವರ್ಷ ಆಕ್ಸ್‌ಫರ್ಡಿನವರು ನಿಘಂಟನ್ನು ಅಂತರ್ಜಾಲಕ್ಕೆ ಏರಿಸಿ, ಪೂರ್ತಿ ಪರಿಷ್ಕರಣೆಯನ್ನು ‘ಎಂ’ ಅಕ್ಷರದಿಂದ ಶುರು ಮಾಡಿದರು. ಕೂಡಲೇ ‘ಮೇಕ್’ ಮುಂದೆ ಬಂತು. ಕೆಲವು ವರ್ಷದ ಮೇಲೆ ‘ಪುಟ್’ ಅದನ್ನು ಹಿಂದೆ ಹಾಕಿತು. 2011ರಲ್ಲಿ ‘ರನ್’ ಬಂದು ಎಲ್ಲವನ್ನೂ ದಾಟಿ ನಿಂತಿತು. ಅರ್ಥಗಳು 645, ಅದೂ ಕ್ರಿಯಾಪದದ್ದು ಮಾತ್ರ, ಕ್ರಿಕೆಟ್ಟಿನ ರನ್ನು ಈ ಲೆಕ್ಕಕ್ಕೇ ಬಂದಿಲ್ಲ. ದಿನಕ್ಕೊಂದು ಅರ್ಥ ಕಲಿಯುತ್ತೇನೆಂದು ಹೊರಟವನಿಗೆ ಒಂದೂಮುಕ್ಕಾಲು ವರ್ಷ ಬೇಕು. ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಈ ಒಂದೇ ಪದದ ಮುಂದೆ ಒಂಬತ್ತು ತಿಂಗಳು ಕೂತಿದ್ದರು.

ಓಡುವುದು ಕೂರಿಸುವುದನ್ನು ಸೋಲಿಸಿದ್ದೇಕೆ ಎಂಬುದಕ್ಕೆ ಸೊಗಸಾದ ವಿವರಣೆಯೊಂದು ಚಾಲ್ತಿಯಲ್ಲಿದೆ. ಉಗಿಯಂತ್ರ ಬಂದ ಮೇಲೆ ಯಂತ್ರ ‘ಓಡ’ತೊಡಗಿತು, ರೈಲು ಓಡಿತು, ಕಾರ್ಖಾನೆಯನ್ನು ಓಡಿಸಿದರು, ಚುನಾವಣೆಗೆ ನಿಲ್ಲುವವರೂ ಅಮೆರಿಕದಲ್ಲಿ ಓಡತೊಡಗಿದರು, ಕೊನೆಗೆ ಕಂಪ್ಯೂಟರಿನಲ್ಲಿ ಪ್ರೋಗ್ರಾಮೂ ಓಡಿತು. ಯಂತ್ರಯುಗ ಓಟದ ಯುಗ, ಆದ್ದರಿಂದ ರನ್ ಗೆದ್ದಿತು ಎಂಬುದು ಇದರ ಸಾರ. ಕೇಳಲು ಚೆನ್ನಾಗಿದೆ, ಪೂರ್ತಿ ನಂಬಲಾರೆ. ಈ ಪಂದ್ಯ ಸಮಬಲರ ನಡುವೆ ನಡೆಯಲೇ ಇಲ್ಲ. ರನ್‌ನ 645 ಹೊಸ ಎಣಿಕೆ. ಅದರೆದುರು ನಿಂತ ಸೆಟ್‌ನ 430 ಬಹುಮಟ್ಟಿಗೆ ಬ್ರಾಡ್ಲಿ ಕಾಲದ ಎಣಿಕೆಗೆ ಒಂದಿಷ್ಟು ತೇಪೆ ಹಾಕಿದ್ದು. ಅಜ್ಜನ ಜೊತೆ ಮೊಮ್ಮಗ ಓಡಿ ಗೆದ್ದ ಹಾಗೆ.

ಎಣಿಸುವವರ ಮೇಲೂ ಲೆಕ್ಕ ನಿಂತಿದೆ. ಹಿಂದೊಮ್ಮೆ ಗಿನ್ನೆಸ್ ಪುಸ್ತಕದವರು ಸೆಟ್‌ಗೆ ಕೊಟ್ಟ ಲೆಕ್ಕ ನಾಮಪದವಾಗಿ 58, ಕ್ರಿಯಾಪದವಾಗಿ 126, ವಿಶೇಷಣವಾಗಿ 10, ಒಟ್ಟು 194. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರಿಗಾಗಿ ಕಟ್ಟಿದ ವರ್ಡ್‌ನೆಟ್ ಎಂಬ ಪದಕೋಶದಲ್ಲಿ ರನ್ ಕ್ರಿಯಾಪದಕ್ಕಿರುವ ಅರ್ಥಗಳು 41 ಮಾತ್ರ. ಒಬ್ಬರಿಗೆ 645 ಕಂಡದ್ದು ಇನ್ನೊಬ್ಬರಿಗೆ 41 ಆಗಿ ಕಾಣುತ್ತದೆ ಎಂದರೆ ಯಾರೋ ತಪ್ಪಿದ್ದಾರೆ ಎಂದಲ್ಲ. ನದಿ ಹರಿಯುವುದು, ನಲ್ಲಿಯಲ್ಲಿ ನೀರು ಸುರಿಯುವುದು, ನೆಗಡಿಗೆ ಮೂಗು ಸೋರುವುದು ಮೂರು ಅರ್ಥವೋ, ಒಂದರ ಮೂರು ಮುಖವೋ? ನಮ್ಮಲ್ಲಿ ಹರಿ, ಸುರಿ, ಸೋರು ಎಂದು ಮೂರು ಪದ ಇರುವುದರಿಂದ ಮೂರು ಎನ್ನಿಸುತ್ತದೆ. ಇಂಗ್ಲಿಷಿನವನಿಗೆ ಮೂರೂ ಒಂದೇ ಓಟ.

ಇಷ್ಟು ಅರ್ಥಗಳು ಚಿಕ್ಕ ಪದಗಳ ಮೇಲೇ ಏಕೆ ಬಂದು ಬೀಳುತ್ತವೆ ಎಂಬುದಕ್ಕೆ ಹಾರ್ವರ್ಡಿನ ಜಾರ್ಜ್ ಕಿಂಗ್ಸ್‌ಲಿ ಝಿಪ್ಫ್ 1945ರಲ್ಲಿ ಒಂದು ಸೂತ್ರ ಕೊಟ್ಟರು. ಪದವೊಂದರ ಅರ್ಥಗಳ ಸಂಖ್ಯೆ ಅದರ ಬಳಕೆಯ ವರ್ಗಮೂಲಕ್ಕೆ ಹೆಚ್ಚುಕಡಿಮೆ ಅನುಗುಣವಾಗಿರುತ್ತದೆ. ಒಂದು ಪದಕ್ಕಿಂತ ಇನ್ನೊಂದರ ಬಳಕೆ ನೂರು ಪಟ್ಟು ಹೆಚ್ಚಿದ್ದರೆ ಅದರ ಅರ್ಥಗಳು ಹತ್ತು ಪಟ್ಟು ಹೆಚ್ಚಿರಬೇಕು. ಆಡಿದಷ್ಟೂ ಪದ ಸವೆಯುತ್ತದೆ, ಸವೆದಷ್ಟೂ ಚಿಕ್ಕದಾಗುತ್ತದೆ, ಚಿಕ್ಕದಾದಷ್ಟೂ ಬಾಯಿಗೆ ಮೊದಲು ಸಿಗುತ್ತದೆ. ಸಿಕ್ಕಿದ್ದನ್ನೇ ಹೊಸ ಕೆಲಸಕ್ಕೂ ಹಚ್ಚುತ್ತೇವೆ. ಔಷಧಿ ಚೀಟಿಯಲ್ಲಿ ಬರುವ ಮೊಳದುದ್ದದ ಪದಗಳಿಗೆ ಒಂದೊಂದೇ ಅರ್ಥ. ಅವುಗಳನ್ನು ಯಾರೂ ಸುಮ್ಮನೆ ಬಾಯಾಡಿಸುವುದಿಲ್ಲ.

ಹಾಗಾದರೆ ಇಂಗ್ಲಿಷ್ ಆಡುವವರಿಗೆ ಗೊಂದಲವಾಗುವುದಿಲ್ಲವೆ? ಪದಕ್ಕೆ ಬರೀ ಹತ್ತು ಅರ್ಥವೆಂದು ಇಟ್ಟುಕೊಂಡರೂ ಐದು ಪದದ ಒಂದು ವಾಕ್ಯಕ್ಕೆ ಒಂದು ಲಕ್ಷ ಅರ್ಥ ಸಾಧ್ಯ. ಅಷ್ಟರಲ್ಲಿ 99,999ನ್ನು ಕಿವಿ ಎಣಿಸದೆಯೇ ತಳ್ಳಿಬಿಡುತ್ತದೆ, ಕೇಳುವವನಿಗೆ ತಾನು ತಳ್ಳಿದ್ದೂ ಗೊತ್ತಾಗುವುದಿಲ್ಲ. 1960ರಲ್ಲಿ ಯೆಹೋಶುವಾ ಬಾರ್–ಹಿಲ್ಲೆಲ್ ಎಂಬ ವಿದ್ವಾಂಸರು ಯಂತ್ರಾನುವಾದ ಕೈಗೂಡದ ಮಾತು ಎಂದು ವಾದಿಸಲು ಎತ್ತಿಕೊಂಡದ್ದು ಇಂಥ ಒಂದು ಸಾದಾ ಪದವನ್ನೇ: ‘ಪೆನ್’. ಪೆಟ್ಟಿಗೆ ಪೆನ್ನಿನೊಳಗಿದೆ ಎಂದರೆ ಆ ಪೆನ್ನು ಬರೆಯುವುದಲ್ಲ, ಮಗು ಆಡಲು ಕಟ್ಟಿದ ಕಟಾಂಜನ ಎಂದು ಯಂತ್ರಕ್ಕೆ ಹೇಗೆ ತಿಳಿಯಬೇಕು? ಮನುಷ್ಯನಿಗೆ ಪೆಟ್ಟಿಗೆಯ ಗಾತ್ರ ಗೊತ್ತು, ಪೆನ್ನಿನ ಗಾತ್ರ ಗೊತ್ತು, ಮುಗಿಯಿತು. ಈಗಿನ ಯಂತ್ರಗಳು ಆ ಪೆನ್ನನ್ನು ಲೀಲಾಜಾಲವಾಗಿ ದಾಟಿವೆ ಎನ್ನುವುದು ಬೇರೆ ಮಾತು.

ಕನ್ನಡದವರು ಇದನ್ನೆಲ್ಲ ಕೇಳಿ ಬೆರಗಾಗುವ ಮೊದಲು ತಮ್ಮ ‘ಹೊಡೆ’ಯನ್ನು ಒಮ್ಮೆ ನೋಡಿಕೊಳ್ಳಬೇಕು. ಗೋಡೆಗೆ ಬಣ್ಣ ಹೊಡೆಯುತ್ತೇವೆ, ಎತ್ತಿನ ಗಾಡಿ ಹೊಡೆಯುತ್ತೇವೆ, ಗದ್ದೆಗೆ ಔಷಧಿ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ಗೊರಕೆ ಹೊಡೆಯುತ್ತೇವೆ. ಗಂಟೆ ಹೊಡೆಯುತ್ತದೆ, ಬಿಸಿಲು ಹೊಡೆಯುತ್ತದೆ, ವಾಸನೆ ಹೊಡೆಯುತ್ತದೆ, ಅದೃಷ್ಟವಿದ್ದರೆ ಲಾಟರಿ ಹೊಡೆಯುತ್ತದೆ. ಹುಡುಗ ಕಣ್ಣು ಹೊಡೆದರೆ ಹುಡುಗಿಯ ಅಣ್ಣ ಬೇರೆ ಅರ್ಥದಲ್ಲಿ ಹೊಡೆಯುತ್ತಾನೆ. ಇಷ್ಟು ಸಾಲದೆಂದು ಆ ಸೆಟ್ಟನ್ನೂ ನಾವು ಎತ್ತಿಕೊಂಡು ಬಂದೆವು. ಹೋಟೆಲಿನಲ್ಲಿ ತಟ್ಟೆಗೆ ಎರಡೋ ಮೂರೋ ಬಂದರೆ ಸೆಟ್ ದೋಸೆ, ತೋಟದಲ್ಲಿ ಪಂಪ್‌ಸೆಟ್, ಅಜ್ಜಿಯ ಬಾಯಲ್ಲಿ ಹಲ್ಲುಸೆಟ್, ಮದುವೆಗೆ ಹುಡುಗಿ ನೋಡಿಬಂದವನಿಗೆ ‘ಸೆಟ್ ಆಯ್ತಾ?’ ಗಾಂಧಿನಗರದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚಿತ್ರೀಕರಣ ಶುರುವಾಗುವುದಕ್ಕೆ ‘ಸೆಟ್ಟೇರು’ ಎಂಬ ಕನ್ನಡ ಕ್ರಿಯಾಪದವನ್ನೇ ಸೃಷ್ಟಿಸಿದರು. ಆಕ್ಸ್‌ಫರ್ಡಿನ 430ರಲ್ಲಿ ಈ ಏರುವ ಸೆಟ್ ಇಲ್ಲ. ಗಣಿತದ ಪುಸ್ತಕ ಬರೆದವರು ಮಾತ್ರ ಇದನ್ನು ಒಳಗೆ ಬಿಟ್ಟುಕೊಳ್ಳದೆ ‘ಗಣ’ ಎಂದು ಮಡಿಯಲ್ಲಿಟ್ಟರು.

ಇದುವರೆಗೆ ಒಂದು ಪದದ ಹಲವು ಅರ್ಥದ ಮಾತಾಯಿತು. ತಿರುಗಿಸಿ ಹಿಡಿದರೆ ಒಂದು ಅರ್ಥಕ್ಕೆ ಹಲವು ಪದ. ಆ ಲೆಕ್ಕ ಇನ್ನೂ ವಿಚಿತ್ರ.

ಸಮಾನಾರ್ಥಕ ಪದಗಳಿಗೆ ಇಂಗ್ಲಿಷಿನಲ್ಲಿ ಹೆಸರಾದವರು ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯರು. ಅವರ ಥೆಸಾರಸ್ 1852ರಲ್ಲಿ ಬಂತು, ಆಗ ಅವರಿಗೆ 73 ವರ್ಷ. ಸುಮಾರು 15,000 ಪದಗಳನ್ನು ಸಾವಿರ ವರ್ಗಗಳಲ್ಲಿ ಹಂಚಿಟ್ಟಿದ್ದರು. ಮುನ್ನುಡಿಯ ಅಡಿಟಿಪ್ಪಣಿಯೊಂದರಲ್ಲಿ ಅವರು ನಮ್ಮ ಅಮರಕೋಶವನ್ನು ನೆನೆದಿದ್ದಾರೆ. ಅದರ ಇಂಗ್ಲಿಷ್ ಅನುವಾದ 1808ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಗಿತ್ತು. ನೆನೆದದ್ದೇನೋ ಸರಿ, ಅದರ ವರ್ಗೀಕರಣ ತೀರ ಅಸ್ತವ್ಯಸ್ತ ಎಂದೂ ಸೇರಿಸಿದರು. ಅಮರಸಿಂಹ ಕೋಶ ಕಟ್ಟಿದ್ದು ಕಪಾಟಿನಲ್ಲಿಟ್ಟು ಪುಟ ತಿರುವಲಿಕ್ಕಲ್ಲ, ಉರು ಹೊಡೆಯಲಿಕ್ಕೆ. ಸುಮಾರು ಹತ್ತು ಸಾವಿರ ಪದಗಳನ್ನು ಛಂದಸ್ಸಿಗೆ ಇಳಿಸಿ ಹುಡುಗರ ನಾಲಿಗೆಯ ಮೇಲೆ ನಿಲ್ಲಿಸಿದ ಕೆಲಸ ಅದು. ಅದರಲ್ಲಿ ಸಮಾನಾರ್ಥಕಗಳ ಜೊತೆಗೆ, ಒಂದೇ ಪದದ ಹಲವು ಅರ್ಥ ಹೇಳುವ ನಾನಾರ್ಥವರ್ಗವೂ ಇದೆ. ಡಾಕ್ಟರಿಗೆ ಆ ಲೆಕ್ಕ ಹಿಡಿಸಲಿಲ್ಲ, ಬಿಡಿ.

ರೋಜೆಯ ಕೆಲಸವನ್ನು ಚಿಕ್ಕದಾಗಿಸಿದ್ದು ಗ್ಲಾಸ್ಗೋ ವಿಶ್ವವಿದ್ಯಾಲಯದವರು. 1965ರಲ್ಲಿ ಮೈಕೆಲ್ ಸ್ಯಾಮ್ಯುಯೆಲ್ಸ್ ಎಂಬ ಪ್ರಾಧ್ಯಾಪಕರು ಆಕ್ಸ್‌ಫರ್ಡ್ ನಿಘಂಟನ್ನು ಒಳಹೊರಗು ಮಾಡುವ ಯೋಜನೆ ಮುಂದಿಟ್ಟರು. ಅದರಲ್ಲಿರುವ ಪ್ರತಿ ಅರ್ಥವನ್ನೂ ಒಂದೊಂದು ಚೀಟಿಗೆ ಬರೆದು, ಒಂದೇ ಅರ್ಥದ ಚೀಟಿಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕುವುದು. ಮತ್ತೆ ಚೀಟಿ! 1978ರಲ್ಲಿ ಕಟ್ಟಡಕ್ಕೆ ಬೆಂಕಿ ಬಿತ್ತು. ಚೀಟಿಗಳು ಕಬ್ಬಿಣದ ಬೀರುಗಳಲ್ಲಿದ್ದ ಕಾರಣ ಉಳಿದುಕೊಂಡವು. 1969ರಲ್ಲಿ ಬಂದು ಸೇರಿದ ಕ್ರಿಶ್ಚಿಯನ್ ಕೇ ಎಂಬಾಕೆ 2009ರಲ್ಲಿ ಪುಸ್ತಕ ಹೊರಬರುವ ತನಕ ನಲವತ್ತು ವರ್ಷ ಇದಕ್ಕೇ ದುಡಿದರು. ಎರಡು ಸಂಪುಟ, ಸುಮಾರು 4,000 ಪುಟ, 8 ಲಕ್ಷಕ್ಕೆ ಹತ್ತಿರದ ಅರ್ಥಗಳು, 2,36,000 ವರ್ಗಗಳು.

ಗುಡ್ಡೆಗಳನ್ನು ಅಳೆದಾಗ ಎಲ್ಲಕ್ಕಿಂತ ಎತ್ತರದ ಗುಡ್ಡೆ ಯಾವುದಿತ್ತು? ಪ್ರೀತಿಯದಲ್ಲ, ದುಡ್ಡಿನದಲ್ಲ, ಸಾವಿನದೂ ಅಲ್ಲ. ‘ತಕ್ಷಣ’ ಎಂಬ ಅರ್ಥದ್ದು. 265 ಪದ! ಕುಡುಕರ ಪದಗಳು ಇದಕ್ಕಿಂತ ಹೆಚ್ಚಿವೆ ಎಂದು ಗೊತ್ತಿರುವವರು ತಕರಾರು ಎತ್ತಬಹುದು. ಬೆಂಜಮಿನ್ ಫ್ರಾಂಕ್ಲಿನ್ 1737ರಲ್ಲೇ ಕುಡಿದು ತೂರಾಡುವವನಿಗೆ ಹೇಳುವ ಇನ್ನೂರಕ್ಕೂ ಹೆಚ್ಚು ಮಾತುಗಳನ್ನು ಪತ್ರಿಕೆಯಲ್ಲಿ ಪಟ್ಟಿ ಮಾಡಿದ್ದರು. 2009ರಲ್ಲಿ ಪಾಲ್ ಡಿಕ್ಸನ್ ಅದನ್ನು 2,964ಕ್ಕೆ ಏರಿಸಿದರು. ಆದರೆ ಅವು ಹೆಚ್ಚಾಗಿ ಪಡ್ಡೆ ಮಾತುಗಳು, ಒಂದು ರಾತ್ರಿ ಹುಟ್ಟಿ ಮರುದಿನ ಇಳಿದುಹೋಗುವಂಥವು. ‘ತಕ್ಷಣ’ದ 265 ಪದಗಳು ದಾಖಲೆಯಲ್ಲಿ ನಿಂತವು. ಇಂಗ್ಲಿಷಿನ ಲಿಖಿತ ಚರಿತ್ರೆ ಸುಮಾರು 1,300 ವರ್ಷದ್ದು ಎಂದು ಹಿಡಿದರೆ ಸರಾಸರಿ ಐದು ವರ್ಷಕ್ಕೊಂದರಂತೆ ‘ತಕ್ಷಣ’ಕ್ಕೆ ಹೊಸ ಪದ ಬೇಕಾಗಿದೆ.

ಯಾಕೆ ಬೇಕಾಯಿತು ಎಂಬುದು ಆ ಗುಡ್ಡೆಯ ಹಳೆಯ ಪದಗಳನ್ನು ನೋಡಿದರೆ ತಿಳಿಯುತ್ತದೆ. ‘ಸೂನ್’ ಎಂದರೆ ಹಿಂದೆ ತಕ್ಷಣವೇ. ಈಗ ಇಷ್ಟರಲ್ಲೇ ಯಾವಾಗಲಾದರೂ. ‘ಅನಾನ್’ ಎಂದರೂ ತಕ್ಷಣವೇ ಆಗಿತ್ತು; ಅದೂ ತಡವಾಯಿತು. ‘ಬೈ ಅಂಡ್ ಬೈ’ ತಕ್ಷಣದಿಂದ ಜಾರಿ ಮುಂದೆಂದಾದರೂ ಆಗಿಹೋಯಿತು. ‘ಪ್ರೆಸೆಂಟ್ಲಿ’ಯ ಪಾಡೂ ಅದೇ. ಜನ ತಕ್ಷಣ ಬರುತ್ತೇನೆ ಎನ್ನುತ್ತಾರೆ, ತಕ್ಷಣ ಬರುವುದಿಲ್ಲ. ನೂರಾರು ವರ್ಷ ಹೀಗೆ ನಡೆದರೆ ಕೇಳುವವರು ಆ ಪದಕ್ಕೆ ‘ಸ್ವಲ್ಪ ಹೊತ್ತಿನ ಮೇಲೆ’ ಎಂದೇ ಅರ್ಥ ಮಾಡಿಕೊಳ್ಳುತ್ತಾರೆ. ಆಗ ನಿಜವಾಗಿ ತಕ್ಷಣ ಬೇಕಾದವನಿಗೆ ಇನ್ನೊಂದು ಪದ ಹುಡುಕದೆ ಗತಿಯಿಲ್ಲ. ಸೋಮಾರಿತನವೇ ಇಲ್ಲಿ ಪದಸಂಪತ್ತಿನ ಮೂಲ.

ಕನ್ನಡದ ಗುಡ್ಡೆಯನ್ನು ಯಾರೂ ಇಷ್ಟು ಶ್ರದ್ಧೆಯಿಂದ ಅಳೆದಂತಿಲ್ಲ. ಕೂಡಲೇ, ಒಡನೆ, ತಕ್ಷಣ, ಇದೀಗ, ಈಗಿಂದೀಗಲೇ, ಥಟ್ಟನೆ, ನಿಂತ ನಿಲುವಿನಲ್ಲೇ ಎಂದು ಬೆರಳು ಮಡಿಸುತ್ತ ಹೋದರೆ ನಮ್ಮವೂ ಕಡಿಮೆಯಿಲ್ಲ. ಬರಲಿಕ್ಕೆ ಇನ್ನೂ ಚಪ್ಪಲಿಯನ್ನೇ ಮೆಟ್ಟದವನು ಫೋನಿನಲ್ಲಿ ‘ಬಂದೆ, ಬಂದೆ, ಐದೇ ನಿಮಿಷ’ ಎಂದು ಭೂತಕಾಲದಲ್ಲಿ ಹೇಳುವ ಕಲೆ ಇಂಗ್ಲಿಷಿನವರಿಗೆ ಸಿದ್ಧಿಸಿಲ್ಲ. ಸರ್ಕಾರಿ ಕಡತಗಳಲ್ಲಂತೂ ಈ ಸವಕಲು ಕಣ್ಣೆದುರಿಗೇ ನಡೆಯುತ್ತದೆ. ‘ಜರೂರು’ ಎಂದು ಬರೆದದ್ದು ಅಲುಗಾಡದಿದ್ದಾಗ ‘ತುರ್ತು’ ಬಂತು. ಅದೂ ಮೇಜಿನ ಮೇಲೆ ಮಲಗಿದಾಗ ‘ಅತಿ ತುರ್ತು’ ಬಂತು. ಈಗ ಅದರ ಪಕ್ಕದಲ್ಲೇ ಕೆಂಪು ಶಾಯಿಯಲ್ಲಿ ‘ಅರ್ಜೆಂಟ್’ ಎಂದು ಬರೆದು ಎರಡು ಗೆರೆ ಎಳೆಯುತ್ತಾರೆ.